ರಿಕೋವರ್ ಎಂಬ ಮುಂಗೋಪಿ ಮತ್ತು ಪುಟ್ಟ ರಿಯಾಕ್ಟರ್

ಅಮೆರಿಕದ ಸೇನಾನೆಲೆಯೊಂದರಲ್ಲಿ 2028ರ ಸೆಪ್ಟೆಂಬರ್ ಒಳಗೆ ಅಣು ರಿಯಾಕ್ಟರ್ ಓಡಲೇಬೇಕು ಅನ್ನೋದು ಟ್ರಂಪ್ ಆದೇಶ. ಈ ಅವಸರ ನೋಡಿದ್ರೆ ಹೈಮನ್ ರಿಕೋವರ್ ನೆನಪಾಗ್ತಾನೆ.

1900ರಲ್ಲಿ ಪೋಲೆಂಡ್‌ನಲ್ಲಿ ಹುಟ್ಟಿದ ಯಹೂದಿ ದರ್ಜಿಯ ಮಗ. ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ. ನೌಕಾಪಡೆ ಸೇರಿ ಸಬ್‌ಮರೀನ್ ಹೊಟ್ಟೆಯೊಳಗೆ ರಿಯಾಕ್ಟರ್ ಕೂರಿಸಿದ. 1955ರಲ್ಲಿ ನಾಟಿಲಸ್ ಅಣುಶಕ್ತಿಯಲ್ಲಿ ಹೊರಟಿತು. ಮಹಾ ಮುಂಗೋಪಿ. ರಿಯಾಕ್ಟರ್ ನಡೆಸುವ ಅಧಿಕಾರಿಗಳನ್ನು ತಾನೇ ಸಂದರ್ಶಿಸ್ತಿದ್ದ, ಅದೂ ಮುಂಗಾಲು ಗಿಡ್ಡ ಮಾಡಿಸಿದ ಕುರ್ಚಿಯಲ್ಲಿ ಕೂರಿಸಿ! ಕಾಟ ನಿಜ, ಆದರೆ ತಪ್ಪಾದರೆ ಹೊಣೆ ಯಾರದು ಅಂತ ಎಲ್ಲರಿಗೂ ಗೊತ್ತಿತ್ತು.

ಭೂಸೇನೆಯ ನೆಲೆಗಳ ರಿಯಾಕ್ಟರ್‌ಗಳು ಅವನ ಕೈಯಲ್ಲಿರಲಿಲ್ಲ. ಆರ್ಕ್‌ಟಿಕ್ ರಡಾರ್ ನೆಲೆಗಳಿಗೆಂದು ಐಡಾಹೊದಲ್ಲಿ ಪರೀಕ್ಷಿಸುತ್ತಿದ್ದ ಎಸ್‌ಎಲ್-1, 1961ರ ಜನವರಿ 3ರಂದು ಸಿಡಿಯಿತು. ಒಂದೇ ಕಂಟ್ರೋಲ್ ರಾಡನ್ನು ಮಿತಿಮೀರಿ ಎಳೆದಿದ್ದರು, ಮೂವರು ಸತ್ತರು.

1982ರಲ್ಲಿ ನಿವೃತ್ತನಾಗುವಾಗ, ಅಣುಹಡಗುಗಳನ್ನೆಲ್ಲ ಮುಳುಗಿಸಿಬಿಡಬೇಕು ಅಂತ ಸಂಸತ್ತಿನ ಸಮಿತಿಯೆದುರೇ ಹೇಳಿದ. 1986ರಲ್ಲಿ ತೀರಿಕೊಂಡ.