ರಾಮನ್, ವಜ್ರ ಮತ್ತು ನಮ್ಮ ತಪ್ಪು ಸ್ಲೈಡು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ಊರಿಗೊಬ್ಬರಂತೆ ನಾವು ನಾಲ್ಕು ಜನ ಒಂದೇ ಲ್ಯಾಬ್ ಬ್ಯಾಚು. ನೈಟ್ರೋಜನ್ ಸೇರಿಸಿದ ಕಾರ್ಬನ್ ನ್ಯಾನೋ ವಸ್ತುಗಳ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಓದಿದ ಪೇಪರಲ್ಲೆಲ್ಲಾ ಒಂದೇ ಹೆಸರು, ರಾಮನ್. ಸ್ಕೂಲಲ್ಲಿ ಫೆಬ್ರವರಿ 28ಕ್ಕೆ ಚಾರ್ಟ್ ಬರೆದು ಮರೆತುಬಿಟ್ಟಿದ್ದ ಹೆಸರು.

ಸಿ.ವಿ. ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಹೆಚ್ಚುಕಮ್ಮಿ ನಮ್ಮ ವಯಸ್ಸಿಗೇ, 1907ರಲ್ಲಿ, ಕಲ್ಕತ್ತಾದಲ್ಲಿ ಸರ್ಕಾರಿ ಲೆಕ್ಕಪತ್ರ ಅಧಿಕಾರಿ. ಆಫೀಸಿಗೆ ಮುಂಚೆ, ಆಫೀಸು ಮುಗಿದ ಮೇಲೆ ಪ್ರಯೋಗ. 1917ರಲ್ಲಿ ಆ ಕೆಲಸ ಬಿಟ್ಟು ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು. 1928ರಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಕಂಡುಕೊಂಡದ್ದು ಇಷ್ಟು: ವಸ್ತುವಿನಿಂದ ಚದುರಿದ ಬೆಳಕಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗಿರುತ್ತೆ, ಆ ಬದಲಾವಣೆಯೇ ಅಣುಗಳು ಹೇಗೆ ಕಂಪಿಸ್ತಿವೆ ಅಂತ ಹೇಳುತ್ತೆ. 1930ಕ್ಕೆ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಡಳಿತದ ಜಗಳದಲ್ಲಿ 1937ಕ್ಕೇ ಆ ಹುದ್ದೆ ಹೋಯ್ತು. ಪ್ರೊಫೆಸರಾಗಿ ಉಳಿದರು, ವಜ್ರದ ಹಿಂದೆ ಬಿದ್ದರು.

ಕೆಲವು ವಜ್ರ ಅತಿನೇರಳೆ ಬೆಳಕನ್ನು ತಡೆಯುತ್ತವೆ, ಕೆಲವು ಒಳಗೆ ಬಿಡುತ್ತವೆ. ಯಾಕೆ? ಕಾರ್ಬನ್ನಿನ ಜೋಡಣೆಯೇ ಬೇರೆ ಬೇರೆ ಅಂದರು ರಾಮನ್. ಲಂಡನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಒಪ್ಪಲಿಲ್ಲ. 1959ರಲ್ಲಿ ಕೈಸರ್ ಮತ್ತು ಬಾಂಡ್ ನಿಜವಾದ ಕಾರಣ ತೋರಿಸಿದರು: ವಜ್ರದೊಳಗೆ ಸೇರಿಕೊಂಡಿದ್ದ ನೈಟ್ರೋಜನ್! ಆಮೇಲೂ ರಾಮನ್ ತಮ್ಮ ವಾದ ಬಿಡಲಿಲ್ಲ.

ಇವತ್ತು ಅದೇ ನೈಟ್ರೋಜನ್ನನ್ನು ಬೇಕಂತಲೇ ಸೇರಿಸ್ತಾರೆ. ನಮ್ಮೂರ ಆಲೂಗಡ್ಡೆ ಹೊಲಕ್ಕೆ ಹಾಕೋ ಯೂರಿಯಾನೇ ಗ್ರಾಫೀನ್ ಆಕ್ಸೈಡ್ ಜೊತೆ ಆಟೋಕ್ಲೇವಲ್ಲಿ ಬಿಸಿ ಮಾಡಿದರೂ ಆಗುತ್ತೆ. ಪರೀಕ್ಷೆಗೆ ರಾಮನ್ ಸ್ಪೆಕ್ಟ್ರಮ್: 1350ರ ಹತ್ತಿರ ಡಿ ಶಿಖರ, 1580ರ ಹತ್ತಿರ ಜಿ ಶಿಖರ. ಡಿ ಎತ್ತರ ಆದರೆ ನೈಟ್ರೋಜನ್ ಸೇರಿದೆ ಅಂತ ನಾವು ಸ್ಲೈಡಲ್ಲಿ ಬರೆದಿದ್ವಿ. ತಪ್ಪು. ಡಿ ಹೇಳೋದು ಜೋಡಣೆ ಕೆಟ್ಟಿದೆ ಅಂತ ಮಾತ್ರ. ಕೆಡಿಸಿದ್ದು ಯಾರು ಅನ್ನೋಕೆ ಎಕ್ಸ್‌ಪಿಎಸ್ ಥರದ ಇನ್ನೊಂದು ಸಾಕ್ಷಿ ಬೇಕು. ವ್ಯತ್ಯಾಸ ಕಂಡಿದ್ದು ಸರಿ, ಕಾರಣ ತಪ್ಪು. ರಾಮನ್ ಅವರಿಗೂ ಆಗಿದ್ದು ಅದೇ.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅವರೇ ಕಟ್ಟಿದ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ಆಯ್ತು. ಅಷ್ಟು ದೊಡ್ಡವರೂ ಒಂದು ಕಡೆ ತಪ್ಪಿದ್ದರು ಅಂತ ಚಾರ್ಟಲ್ಲಿ ನಾವು ಯಾವತ್ತೂ ಬರೆದಿರಲಿಲ್ಲ. ಈಗ ಬರೆದಿದ್ದೀವಿ. ಸ್ಲೈಡೂ ತಿದ್ದಿದ್ದೀವಿ.