ಕಾಸ್ಮಿಕ್ ಕಿರಣಗಳ ವೇಗದ ಗುಟ್ಟು ಹುಡುಕಿದ ಎನ್ರಿಕೊ ಫರ್ಮಿ

ಅಣುಯುಗಕ್ಕೆ ಬಾಗಿಲು ತೆರೆದವರೆಂದೇ ಜಗತ್ತು ಎನ್ರಿಕೊ ಫರ್ಮಿ ಅವರನ್ನು ನೆನೆಯುತ್ತದೆ. ಬಾಹ್ಯಾಕಾಶದಿಂದ ಭೂಮಿಗೆ ಬಂದಪ್ಪಳಿಸುವ ಕಾಸ್ಮಿಕ್ ಕಿರಣಗಳಿಗೆ ಅಷ್ಟೊಂದು ವೇಗ ಹೇಗೆ ಬರುತ್ತದೆ ಎಂಬ ಒಗಟಿಗೆ ದಾರಿ ತೋರಿದವರೂ ಅವರೇ.

ಫರ್ಮಿ ಹುಟ್ಟಿದ್ದು 1901ರ ಸೆಪ್ಟೆಂಬರ್ 29ರಂದು, ರೋಮ್‌ನಲ್ಲಿ. 1915ರಲ್ಲಿ ಅಣ್ಣ ಜೂಲಿಯೊ ಶಸ್ತ್ರಚಿಕಿತ್ಸೆ ವೇಳೆ ತೀರಿಕೊಂಡ. ಆಟ ಪಾಠಗಳ ಜೊತೆಗಾರನನ್ನು ಕಳೆದುಕೊಂಡ ಹುಡುಗ ಭೌತಶಾಸ್ತ್ರದ ಪುಸ್ತಕಗಳಲ್ಲಿ ಮುಳುಗಿದ.

1938ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮುಸೊಲಿನಿ ಸರ್ಕಾರ ಯಹೂದಿ ವಿರೋಧಿ ಕಾನೂನು ತಂದಿತು. ಪತ್ನಿ ಲಾರಾ ಯಹೂದಿ ಮನೆತನದವರು. ಪ್ರಶಸ್ತಿಗೆಂದು ಸ್ಟಾಕ್‌ಹೋಮ್‌ಗೆ ಹೋದ ಕುಟುಂಬ ಇಟಲಿಗೆ ಮರಳದೆ ಅಮೆರಿಕ ಸೇರಿತು. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಫರ್ಮಿ ತಂಡ ಮೊದಲ ಅಣು ರಿಯಾಕ್ಟರ್ ನಡೆಸಿತು. ಅಣುಬಾಂಬ್ ಯೋಜನೆಯಲ್ಲೂ ಅವರು ದುಡಿದರು.

ಯುದ್ಧ ಮುಗಿದ ಮೇಲೆ ಅವರ ಗಮನ ಆಕಾಶದತ್ತ ಹೊರಳಿತು. 1949ರ ಪ್ರಬಂಧದಲ್ಲಿ ಅವರು ಹೇಳಿದ್ದು ಇಷ್ಟು: ನಕ್ಷತ್ರಗಳ ನಡುವಿನ ಅನಿಲ ಮೋಡಗಳು ಕಾಂತಕ್ಷೇತ್ರ ಹೊತ್ತು ಅಡ್ಡಾದಿಡ್ಡಿ ಚಲಿಸುತ್ತವೆ. ಎದುರಿನಿಂದ ಬರುವ ಮೋಡಕ್ಕೆ ಸಿಕ್ಕ ಪ್ರೋಟಾನ್, ಬೀಸಿದ ಬ್ಯಾಟಿಗೆ ತಾಗಿದ ಚೆಂಡಿನಂತೆ ಹೆಚ್ಚು ಶಕ್ತಿ ಪಡೆದು ಚಿಮ್ಮುತ್ತದೆ. ದೂರ ಸರಿಯುವ ಮೋಡಕ್ಕೆ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ರಸ್ತೆಯಲ್ಲಿ ಎದುರು ಬರುವ ವಾಹನಗಳೇ ಹೆಚ್ಚು ಸಿಗುವಂತೆ, ಎದುರು ಡಿಕ್ಕಿಗಳೇ ಹೆಚ್ಚು. ಹಾಗಾಗಿ ಕೊನೆಗೆ ಲಾಭವೇ ಉಳಿಯುತ್ತದೆ.

ಈ ಲಾಭ ತೀರಾ ನಿಧಾನ ಎಂಬುದೇ ತೊಡಕು. ಕಾಸ್ಮಿಕ್ ಕಿರಣಗಳಲ್ಲಿರುವ ಭಾರದ ನ್ಯೂಕ್ಲಿಯಸ್‌ಗಳನ್ನು ತಮ್ಮ ಸಿದ್ಧಾಂತ ಸರಿಯಾಗಿ ವಿವರಿಸುವುದಿಲ್ಲ ಎಂದು ಫರ್ಮಿ ಅದೇ ಪ್ರಬಂಧದಲ್ಲಿ ಒಪ್ಪಿಕೊಂಡರು. 1953ರಲ್ಲಿ, ಚೆನ್ನೈನಲ್ಲಿ ಓದಿ ಬೆಳೆದ ಎಸ್. ಚಂದ್ರಶೇಖರ್ ಜೊತೆಗೂಡಿ ಗ್ಯಾಲಕ್ಸಿಯ ಕಾಂತಕ್ಷೇತ್ರದ ಬಗ್ಗೆ ಬರೆದರು. ಮರುವರ್ಷ ನವೆಂಬರ್ 28ರಂದು ಹೊಟ್ಟೆಯ ಕ್ಯಾನ್ಸರ್ ಅವರನ್ನು ಬಲಿ ಪಡೆಯಿತು. ಆಗ ವಯಸ್ಸು 53.

ಉಳಿದ ಕೆಲಸವನ್ನು 1977-78ರಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಮುಂದುವರಿಸಿದರು. ಸ್ಫೋಟಗೊಂಡ ನಕ್ಷತ್ರದ, ಅಂದರೆ ಸೂಪರ್‌ನೋವಾದ ಆಘಾತ ಅಲೆಯ ಎರಡೂ ಬದಿಗಳಲ್ಲಿ ಕಾಂತಕ್ಷೇತ್ರ ಪ್ರಕ್ಷುಬ್ಧವಾಗಿರುತ್ತದೆ. ಆ ಕಲಕು ಪ್ರೋಟಾನನ್ನು ಮತ್ತೆ ಮತ್ತೆ ಅಲೆಯಾಚೆ ತಳ್ಳುತ್ತದೆ. ಇಲ್ಲಿ ಪ್ರತಿ ದಾಟುವಿಕೆಯೂ ಎದುರು ಡಿಕ್ಕಿಯೇ, ಪ್ರತಿ ಸಲವೂ ಲಾಭವೇ.

2008ರಲ್ಲಿ ನಾಸಾ ಹಾರಿಸಿದ ಗಾಮಾ ಕಿರಣ ದೂರದರ್ಶಕಕ್ಕೆ ಫರ್ಮಿ ಹೆಸರಿಟ್ಟರು. ಐಸಿ 443 ಮತ್ತು ಡಬ್ಲ್ಯೂ 44 ಎಂಬ ಸೂಪರ್‌ನೋವಾ ಅವಶೇಷಗಳಲ್ಲಿ ಪ್ರೋಟಾನ್‌ಗಳು ವೇಗ ಪಡೆಯುತ್ತಿರುವ ಗುರುತನ್ನು 2013ರಲ್ಲಿ ಹಿಡಿದುಕೊಟ್ಟಿದ್ದು ಅದೇ ದೂರದರ್ಶಕ.