ಟೈಮ್‌ಔಟ್ ಸೊನ್ನೆ ಮಾಡಿದರೆ ಕ್ವೆರಿ ಬೇಗ ಮುಗಿಯುತ್ತದೆಯೇ? ಅಲನ್ ಟ್ಯೂರಿಂಗ್ ಕಥೆ ಓದಿ

ಕ್ವೆರಿ ಅರ್ಧಕ್ಕೇ ನಿಲ್ಲುತ್ತಿದ್ದರೆ ಟೈಮ್‌ಔಟ್ ಸೊನ್ನೆ ಮಾಡಿ, ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ನಿಮಗೂ ಬಂದಿರಬಹುದು. ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಸೊನ್ನೆ ಎಂದರೆ ಎಷ್ಟು ಹೊತ್ತಾದರೂ ಕಾಯುವುದು ಎಂದರ್ಥ. ಕ್ವೆರಿ ಅದರಿಂದ ಒಂದು ಸೆಕೆಂಡೂ ಬೇಗ ಮುಗಿಯುವುದಿಲ್ಲ. ಎಷ್ಟು ಹೊತ್ತು ಬೇಕೆಂದು ಕಂಪ್ಯೂಟರೇ ಮೊದಲು ಹೇಳಬಾರದೇ? ಈ ಪ್ರಶ್ನೆಯ ಬೇರು ಹುಡುಕಿ ಹೊರಟರೆ ಅಲನ್ ಟ್ಯೂರಿಂಗ್ ಸಿಗುತ್ತಾರೆ.

ಟ್ಯೂರಿಂಗ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದರು. ತಂದೆ ನಮ್ಮ ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಹೀಗಾಗಿ ಮಗ ಇಂಗ್ಲೆಂಡಿನಲ್ಲಿ ಬಹುಪಾಲು ಬೇರೆಯವರ ಮನೆಯಲ್ಲೇ ಬೆಳೆದರು. 1936ರಲ್ಲಿ, ಇಂದಿನ ಕಂಪ್ಯೂಟರ್ ಇನ್ನೂ ಹುಟ್ಟದಿದ್ದಾಗ, ಉದ್ದನೆಯ ಟೇಪಿನ ಮೇಲೆ ಗುರುತು ಬರೆಯುವ ಒಂದು ಯಂತ್ರವನ್ನು ಕಾಗದದ ಮೇಲೆ ಕಲ್ಪಿಸಿದರು. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಮುಗಿಯುತ್ತದೋ ಇಲ್ಲವೋ ಎಂದು ತಪ್ಪದೆ ಹೇಳುವ ವಿಧಾನ ಇರಲು ಸಾಧ್ಯವಿಲ್ಲ ಎಂಬ ಅರಿವು ಬಂದದ್ದು ಆ ಕೆಲಸದಿಂದ. ಹಾಲ್ಟಿಂಗ್ ಪ್ರಾಬ್ಲಮ್ ಎಂಬ ಹೆಸರು ಬಂದದ್ದು ಆಮೇಲೆ. ಸಾಮಾನ್ಯ ಕ್ವೆರಿ ಎಂದಾದರೂ ಮುಗಿಯುತ್ತದೆ, ನಿಜ. ಆದರೆ ಯಾವಾಗ ಎಂಬುದಕ್ಕೆ ಡೇಟಾಬೇಸ್ ಬಳಿ ಇರುವುದು ಅಂದಾಜು ಮಾತ್ರ. ಬೇರೊಬ್ಬರು ಹಾಕಿದ ಲಾಕ್ ಬಿಡುವುದನ್ನು ಕಾಯುತ್ತಿದ್ದರೆ ಆ ಅಂದಾಜೂ ಕೈಕೊಡುತ್ತದೆ.

ಯುದ್ಧದ ವರ್ಷಗಳಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಅವರಿಗೆ ಸಮಯದ ಬಿಸಿ ಚೆನ್ನಾಗಿಯೇ ತಟ್ಟಿತು. ಜರ್ಮನ್ನರು ಎನಿಗ್ಮಾ ಯಂತ್ರದ ಜೋಡಣೆಯನ್ನು ದಿನವೂ ಬದಲಿಸುತ್ತಿದ್ದರು. ಟ್ಯೂರಿಂಗ್ ವಿನ್ಯಾಸದ ಬಾಂಬ್ ಎಂಬ ಯಂತ್ರ (ಸಿಡಿಯುವ ಬಾಂಬ್ ಅಲ್ಲ!) ಸಾಧ್ಯತೆಗಳನ್ನು ತಿರುವುತ್ತಾ ಹೋಗಿ, ಹೊಂದುವಂಥದ್ದು ಕಂಡಾಗ ನಿಲ್ಲುತ್ತಿತ್ತು. ಎಷ್ಟೋ ಸಲ ಅದು ಸುಳ್ಳು ನಿಲುಗಡೆ. ಉತ್ತರ ತಡವಾದರೆ ಸಮುದ್ರದಲ್ಲಿದ್ದ ಹಡಗುಗಳಿಗೆ ಅದರಿಂದ ಉಪಯೋಗವಿರಲಿಲ್ಲ.

ಟೈಮ್‌ಔಟ್ ಹೊಂದಿಸುವಾಗಲೂ ಲೆಕ್ಕ ಇದೇ: ಎಷ್ಟು ಹೊತ್ತಾದ ಮೇಲೆ ಉತ್ತರ ಬಂದರೂ ನಮಗೆ ಬೇಡ? ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನ ಪ್ರಿಫರೆನ್ಸಸ್, ಎಸ್‌ಕ್ಯೂಎಲ್ ಎಡಿಟರ್ ಭಾಗದಲ್ಲಿ ರೀಡ್ ಟೈಮ್‌ಔಟ್ 30 ಸೆಕೆಂಡ್ ಎಂದಿದ್ದರೆ, ತಿಂಗಳ ದೊಡ್ಡ ವರದಿಗೆ 600 ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ನಿಮ್ಮ ಪರದೆಯಲ್ಲಿ ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಕ್ವೆರಿ ಇನ್ನೂ ಓಡುತ್ತಿರಬಹುದು. ಸಿಟ್ಟಿನಲ್ಲಿ ಮತ್ತೆ ಮತ್ತೆ ರನ್ ಒತ್ತಿದರೆ ಹೊರೆ ಹೆಚ್ಚುತ್ತದೆ ಅಷ್ಟೆ.

ಸಲಿಂಗ ಸಂಬಂಧ ಆಗ ಬ್ರಿಟನ್ನಿನಲ್ಲಿ ಅಪರಾಧ. 1952ರಲ್ಲಿ ಶಿಕ್ಷೆಯಾದಾಗ ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆಗೆ ಟ್ಯೂರಿಂಗ್ ಒಪ್ಪಬೇಕಾಯಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸಯನೈಡ್‌ನಿಂದ ತೀರಿಕೊಂಡರು. ಸರ್ಕಾರದ ಕ್ಷಮಾದಾನ ಬಂದದ್ದು 2013ರಲ್ಲಿ! ಹಾಸಿಗೆಯ ಪಕ್ಕ ಅರ್ಧ ತಿಂದ ಸೇಬೊಂದಿತ್ತು. ಅದರಲ್ಲಿ ವಿಷವಿತ್ತೇ ಎಂದು ಯಾರೂ ಪರೀಕ್ಷಿಸಲಿಲ್ಲ. ಆ್ಯಪಲ್ ಕಂಪನಿಯ ಕಚ್ಚಿದ ಸೇಬು ಅವರ ನೆನಪಿಗಾಗಿ ಎಂಬ ಫಾರ್ವರ್ಡ್ ಮಾತ್ರ ಸುಳ್ಳು. ಲೋಗೊ ಬಿಡಿಸಿದ ರಾಬ್ ಜಾನಾಫ್ ಅವರೇ ಅದನ್ನು ಅಲ್ಲಗಳೆದಿದ್ದಾರೆ.